ಏಳು ದೇಶ, ಹನ್ನೊಂದು ಊರು, ಇಬ್ಬರು ಮಕ್ಕಳು, ಒಂದು ಕಾರು: ಆಗುತ್ತಾ?

ಹಿಂದಿನ ಸೀಟು

ಎಲ್ಲರಿಗೂ ನಮಸ್ಕಾರ. ಬರುವ ಬೇಸಿಗೆಯಲ್ಲಿ ಯುರೋಪಿಗೆ ಹೋಗಿ, ಅಲ್ಲೇ ಕಾರು ಬಾಡಿಗೆಗೆ ತೆಗೆದುಕೊಂಡು ಒಂದು ತಿಂಗಳು ಸುತ್ತಬೇಕು ಅಂತ ಇದ್ದೇವೆ. ಮಗಳಿಗೆ 8 ವರ್ಷ, ಮಗನಿಗೆ 5. ನಮ್ಮ ಯಜಮಾನರು ಕಾರು ಓಡಿಸುತ್ತಾರೆ. ನಾನು ಹಿಂದೆ ಇಬ್ಬರ ಮಧ್ಯೆ ಕೂತು ಜಗಳ ಬಿಡಿಸುತ್ತೇನೆ. ಇಲ್ಲಿ ನನ್ನ ಹೆಸರು "ಹಿಂದಿನ ಸೀಟು" ಅಂತ ಇರುವುದು ಅದಕ್ಕೇ.

ಸುಮ್ನೆ ಫೋಟೋ ತೆಗೆಸಿಕೊಂಡು ಬರುವ ಪ್ರವಾಸ ಆಗಬಾರದು, ಮಕ್ಕಳು ಏನಾದರೂ ಕಲಿಯಬೇಕು ಅನ್ನೋದು ನಮ್ಮಿಬ್ಬರ ಆಸೆ. ಇವರು ಒಂದು ಎಕ್ಸೆಲ್ ಹಾಳೆ ಮಾಡಿದ್ದಾರೆ. ಪ್ಯಾರಿಸ್‌ನಿಂದ ಶುರು. ಆಮೇಲೆ ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಕಲೋನ್, ಮ್ಯೂನಿಕ್, ಸಾಲ್ಜ್‌ಬರ್ಗ್, ವೆನಿಸ್, ಫ್ಲಾರೆನ್ಸ್, ರೋಮ್, ಮಿಲಾನ್, ಜಿನೀವಾ, ವಾಪಸ್ ಪ್ಯಾರಿಸ್. ಪ್ರತಿ ಊರಿನಲ್ಲೂ ಎರಡು ಮ್ಯೂಸಿಯಂ, ಒಂದು ಚರ್ಚ್ ಅಥವಾ ಕೋಟೆ. ಮ್ಯೂಸಿಯಂಗೆ ಹಳದಿ ಬಣ್ಣ, ಪ್ರಯಾಣಕ್ಕೆ ನೀಲಿ, ಊಟಕ್ಕೆ ಹಸಿರು. ಮೊನ್ನೆ ಮಗಳು ಅದನ್ನು ನೋಡಿ, "ಅಮ್ಮಾ, ಅಲ್ಲೂ ಸ್ಕೂಲಿಗೆ ಸೇರಿಸ್ತೀರಾ?" ಅಂತ ಕೇಳಿದಳು. ಅವತ್ತಿನಿಂದ ನನಗೆ ಅನುಮಾನ ಶುರುವಾಗಿದೆ.

ಇದು ಜಾಸ್ತಿ ಆಯಿತಾ? ಈ ವಯಸ್ಸಿನಲ್ಲಿ ಮಕ್ಕಳು ಇದರಿಂದ ನಿಜವಾಗಿ ಏನಾದರೂ ಕಲಿಯುತ್ತಾರಾ? ಇನ್ನೊಂದು ವಿಷಯ, ಮಗನಿಗೆ ಕಾರಿನಲ್ಲಿ ವಾಂತಿ ಆಗುತ್ತದೆ. ಮಕ್ಕಳ ಜೊತೆ ಇಂಥ ಪ್ರವಾಸ ಮಾಡಿ ಬಂದವರು ದಯವಿಟ್ಟು ಹೇಳಿ. ಬೈದರೂ ಪರವಾಗಿಲ್ಲ, ಇವರಿಗೆ ತೋರಿಸುತ್ತೇನೆ.

ಮೂರನೇ ಗೇರ್

ಮ್ಯಾಪ್‌ನಲ್ಲಿ ಹಾಕಿ ನೋಡಿದೆ. ಹತ್ತಿರ ಹತ್ತಿರ 4,000 ಕಿಲೋಮೀಟರ್ ಆಗುತ್ತದೆ. ದೂರ ಹಾಗಿರಲಿ. ನೀವು ಬರೆದಿರುವ ಹನ್ನೊಂದು ಊರಿನಲ್ಲಿ ಒಂದರಲ್ಲೂ ಕಾರು ಬೇಕಾಗಿಲ್ಲ. ವೆನಿಸ್ ಒಳಗೆ ಕಾರು ಹೋಗುವುದೇ ಇಲ್ಲ, ಊರ ಬಾಗಿಲಲ್ಲಿ ದುಡ್ಡು ಕೊಟ್ಟು ನಿಲ್ಲಿಸಬೇಕು. ಫ್ಲಾರೆನ್ಸ್, ರೋಮ್, ಮಿಲಾನ್‌ನ ಹಳೇ ಪೇಟೆಗಳಿಗೆ ಹೊರಗಿನ ಕಾರು ನುಗ್ಗಿದರೆ ಕ್ಯಾಮೆರಾ ಹಿಡಿಯುತ್ತದೆ. ದಂಡದ ಕಾಗದ ನೀವು ಮನೆ ಸೇರಿ ಎಷ್ಟೋ ತಿಂಗಳ ಮೇಲೆ ಬರುತ್ತದೆ. ನನಗೆ ಎರಡು ಬಂದಿವೆ. ಒಂದೇ ತಿರುವಿನಲ್ಲಿ, ಹನ್ನೆರಡು ನಿಮಿಷದ ಅಂತರದಲ್ಲಿ. ದಾರಿ ತಪ್ಪಿ ಮತ್ತೆ ಅಲ್ಲಿಗೇ ಬಂದಿದ್ದೆ.

ಈ ಊರುಗಳೇ ಬೇಕು ಅಂದರೆ ರೈಲಿನಲ್ಲಿ ಹೋಗಿ. ಕಾರೇ ಬೇಕು ಅಂದರೆ ಬೇರೆ ಜಾಗ ನೋಡಿ. ಈಗ ಇರುವುದು ರೋಡ್ ಟ್ರಿಪ್ ಅಲ್ಲ ಸ್ವಾಮಿ, ಪಾರ್ಕಿಂಗ್ ಟ್ರಿಪ್.

ನಾಲ್ಕು ಬಾಟಲಿ

ನಿಮ್ಮ ಯಜಮಾನರ ಹಾಳೆಯ ಕಥೆ ಓದಿ ನನ್ನದೇ ಹಾಳೆ ನೆನಪಾಯಿತು. ನನ್ನದರಲ್ಲಿ ಊಟಕ್ಕೆ 45 ನಿಮಿಷ ಇತ್ತು, ಜಗಳಕ್ಕೆ ಒಂದು ನಿಮಿಷವೂ ಇರಲಿಲ್ಲ. ಅದನ್ನು ಬಿಟ್ಟು ನಾವು ಮಾಡಿದ್ದನ್ನು ಹೇಳುತ್ತೇನೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ನಮ್ಮದು ಎರಡು ವರ್ಷದ ಹಿಂದಿನ ಪ್ರವಾಸ. ಆಗ ದೊಡ್ಡವಳಿಗೆ 8, ಚಿಕ್ಕವನಿಗೆ 6. ನಾನು ಮ್ಯಾಪ್ ಹರಡಿಕೊಂಡು ಊರುಗಳಿಗೆ ಗುರುತು ಹಾಕುತ್ತಿದ್ದೆ. ಮಗಳು ಬಂದು ಒಂದು ನೀಲಿ ಗೆರೆಯ ಮೇಲೆ ಬೆರಳಿಟ್ಟು, "ಇದು ಎಲ್ಲಿಂದ ಬರುತ್ತೆ?" ಅಂದಳು. ಅದು ರೋನ್ ನದಿ. ಇಬ್ಬರೂ ಬೆರಳು ಎಳೆದುಕೊಂಡು ಮೇಲೆ ಹೋದೆವು. ಸ್ವಿಟ್ಜರ್‌ಲೆಂಡ್‌ನ ಒಂದು ಹಿಮನದಿಯಲ್ಲಿ ಹುಟ್ಟಿ, ಜಿನೀವಾ ಸರೋವರ ಹಾದು, ಫ್ರಾನ್ಸ್‌ಗೆ ಇಳಿದು, 812 ಕಿಲೋಮೀಟರ್ ಹರಿದು ಮೆಡಿಟರೇನಿಯನ್ ಸೇರುತ್ತದೆ. ಹಾಳೆ ಅಲ್ಲಿಗೇ ಮುಗಿಯಿತು. ನದಿ ಎಲ್ಲಿಗೆ ಹೋಗುತ್ತದೋ ನಾವೂ ಅಲ್ಲಿಗೇ ಅಂತ ತೀರ್ಮಾನ ಆಯಿತು. ಎರಡು ದೇಶ, 24 ದಿನ. ಅಡ್ಡಾಡಿದ್ದೆಲ್ಲ ಸೇರಿ 1,500 ಕಿಲೋಮೀಟರ್.

ಫುರ್ಕಾ ಘಾಟಿಯ ರಸ್ತೆಯಲ್ಲಿ ಹತ್ತುತ್ತಾ ಹೋದರೆ ಹಿಮನದಿಯ ಹತ್ತಿರದವರೆಗೆ ಕಾರು ಹೋಗುತ್ತದೆ. ಘಾಟಿಯ ತುದಿ 2,429 ಮೀಟರ್ ಎತ್ತರದಲ್ಲಿದೆ. ಚಳಿಗಾಲದಲ್ಲಿ ರಸ್ತೆ ಮುಚ್ಚಿರುತ್ತದೆ, ಸಾಮಾನ್ಯವಾಗಿ ಜೂನ್ ಹೊತ್ತಿಗೆ ತೆರೆಯುತ್ತಾರೆ. ನಾವು ಹೋದಾಗ ಮಂಜುಗಡ್ಡೆಯ ಅಂಚಿಗೆ ದೊಡ್ಡ ದೊಡ್ಡ ಬಿಳಿ ಬಟ್ಟೆ ಹೊದಿಸಿದ್ದರು. "ಚಳಿ ಆಗುತ್ತಾ ಅದಕ್ಕೆ?" ಅಂದ ಚಿಕ್ಕವನು. ಅಲ್ಲಪ್ಪ, ಸೆಕೆ, ಕರಗದೇ ಇರಲಿ ಅಂತ ಹೊದಿಸಿದ್ದಾರೆ ಅಂದೆ. ಅವನು ನಂಬಲಿಲ್ಲ. 19ನೇ ಶತಮಾನದ ನಡುವೆ ಇದೇ ಮಂಜು ಕೆಳಗಿನ ಗ್ಲೆಚ್ ಎಂಬ ಪುಟ್ಟ ಊರಿನ ಹತ್ತಿರದವರೆಗೆ ಚಾಚಿಕೊಂಡಿತ್ತು. ಈಗ ಗ್ಲೆಚ್‌ನಲ್ಲಿ ನಿಂತು ನೋಡಿದರೆ ಬರೀ ಬಂಡೆ, ಮಂಜು ಎಲ್ಲೋ ಮೇಲೆ. ಹವಾಮಾನ ಬದಲಾವಣೆ ಬಗ್ಗೆ ನಾನು ಒಂದು ಮಾತೂ ಹೇಳಬೇಕಾಗಲಿಲ್ಲ. ಮಗಳು ಊರನ್ನೂ ಮಂಜನ್ನೂ ಎರಡು ಸಲ ನೋಡಿ ಸುಮ್ಮನಾದಳು.

ಈಗ ಬಾಟಲಿ ವಿಷಯ. ಗ್ಲೆಚ್ ಹತ್ತಿರ ಮಕ್ಕಳು ಒಂದು ಬಾಟಲಿಯಲ್ಲಿ ನದಿ ನೀರು ತುಂಬಿಕೊಂಡರು. ಹಾಲು ಬೆರೆಸಿದ ಹಾಗೆ ಬೂದು ಬಣ್ಣ. ಮಂಜುಗಡ್ಡೆ ಜಾರುವಾಗ ಕೆಳಗಿನ ಕಲ್ಲನ್ನು ಹಿಟ್ಟು ಮಾಡುತ್ತದೆ, ಆ ಹಿಟ್ಟು ನೀರಿನಲ್ಲಿ ಬರುತ್ತದೆ. ರಾತ್ರಿ ಕಿಟಕಿಯಲ್ಲಿಟ್ಟೆವು. ಬೆಳಗ್ಗೆ ತಳದಲ್ಲಿ ಒಂದು ಪದರ ಹಿಟ್ಟು ಕೂತು, ಮೇಲಿನ ನೀರು ಎಷ್ಟೋ ತಿಳಿಯಾಗಿತ್ತು. ನಾಲ್ಕು ದಿನ ಬಿಟ್ಟು ಬೂವ್ರೆ ಎಂಬಲ್ಲಿ ನದಿ ಸರೋವರಕ್ಕೆ ಇಳಿಯುವುದನ್ನು ನೋಡಿದೆವು. ಬೂದು ನೀರು ನೀಲಿ ನೀರಿನ ಕೆಳಗೆ ನುಸುಳಿ ಮಾಯವಾಗುತ್ತದೆ. ಅದೇ ನದಿ ಜಿನೀವಾದಲ್ಲಿ ಹೊರಗೆ ಬರುವಾಗ ಗಾಜಿನ ಹಾಗಿರುತ್ತದೆ. ಎರಡನೇ ಬಾಟಲಿ ತುಂಬುತ್ತಾ ಮಗಳು ತಾನೇ ಕಂಡುಹಿಡಿದಳು: "ಸರೋವರ ಅಂದ್ರೆ ದೊಡ್ಡ ಬಾಟಲಿ ಅಲ್ವಾ? ಹಿಟ್ಟೆಲ್ಲ ಅಲ್ಲೇ ಕೂತಿದೆ." ಆ ಸರೋವರ 73 ಕಿಲೋಮೀಟರ್ ಉದ್ದ, ತೀರಾ ಆಳದ ಕಡೆ 310 ಮೀಟರ್. ಒಳಗೆ ಬಂದ ನೀರು ಹೊರಗೆ ಹೋಗಲು ಸರಾಸರಿ 11 ವರ್ಷ ಬೇಕಂತೆ ಅಂದೆ. ಅವಳು ಬೆರಳು ಮಡಚಿ ಲೆಕ್ಕ ಹಾಕಿ, "ನಾವು ಮೇಲೆ ನೋಡಿದ ನೀರು ಇಲ್ಲಿಗೆ ಬರುವಾಗ ನನಗೆ 19" ಅಂದಳು. ನಾನು ಯಾವ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದರೂ ಇದು ಸಿಗುತ್ತಿರಲಿಲ್ಲ.

ಜಿನೀವಾದಲ್ಲೇ ಜಂಕ್ಷನ್ ಅಂತ ಒಂದು ಜಾಗ ಇದೆ. ಅಲ್ಲಿ ಆರ್ವ್ ನದಿ ಬಂದು ರೋನ್ ಸೇರುತ್ತದೆ. ಆರ್ವ್ ಮೋಂಟ್ ಬ್ಲಾಂಕ್ ಪರ್ವತದ ಕಡೆಯ ಕೆಸರು ನೀರು, ಅದರ ದಾರಿಯಲ್ಲಿ ಸರೋವರ ಇಲ್ಲ. ಮೇಲಿನ ಸೇತುವೆಯಿಂದ ನೋಡಿದರೆ ಎರಡು ಬಣ್ಣ ಪಕ್ಕಪಕ್ಕ ಹರಿಯುತ್ತವೆ. ಮೂರನೇ ಬಾಟಲಿ ಅಲ್ಲಿಯದು. ಪರಮಾಣುವಿಗಿಂತ ಚಿಕ್ಕ ಕಣಗಳ ಸಂಶೋಧನೆ ಮಾಡುವ ಸೆರ್ನ್ ಸಂಸ್ಥೆಯವರ ವಿಜ್ಞಾನ ಕೇಂದ್ರವೂ ಜಿನೀವಾದಲ್ಲೇ ಇದೆ. 2023ರಲ್ಲಿ ತೆರೆದದ್ದು, ಟಿಕೆಟ್ ಇಲ್ಲ, ಸೋಮವಾರ ರಜೆ. ಊರೊಳಗಿಂದ 18ನೇ ನಂಬರ್ ಟ್ರಾಮ್ ಹೋಗುತ್ತದೆ. ಹೋದೆವು. ಆ ಕಣಗಳನ್ನು ಓಡಿಸಿ ಡಿಕ್ಕಿ ಹೊಡೆಸುವ 27 ಕಿಲೋಮೀಟರ್ ಸುತ್ತಳತೆಯ ಯಂತ್ರ ನೆಲದ ಕೆಳಗಿದೆ ಅಂದಾಗ ಚಿಕ್ಕವನು ಸ್ವಲ್ಪ ಹೊತ್ತು ಕಾಲು ಎತ್ತಿ ಎತ್ತಿ ನಡೆದ. ಅಷ್ಟೇ.

ಫ್ರಾನ್ಸ್‌ನಲ್ಲಿ ಎಲ್ಲ ಚೆನ್ನಾಗೇನೂ ಆಗಲಿಲ್ಲ. ಲಿಯಾನ್‌ನಿಂದ ದಕ್ಷಿಣಕ್ಕೆ ಎ7 ಹೈವೇಯಲ್ಲಿ ಆಗಸ್ಟ್ ಮೊದಲ ಶನಿವಾರ ಹೊರಟೆವು. ಬುದ್ಧಿ ಇರುವ ಯಾರೂ ಆ ಕೆಲಸ ಮಾಡುವುದಿಲ್ಲ. ಅವತ್ತು ಅರ್ಧ ಫ್ರಾನ್ಸ್ ಕಡಲಿಗೆ ಹೊರಟಿರುತ್ತದೆ. ಎರಡು ಗಂಟೆಯ ದಾರಿಗೆ ಆರು ಗಂಟೆ. ಬಿಸೋನ್ ಫ್ಯೂಟೆ ಅಂತ ಅಲ್ಲಿನ ಸರ್ಕಾರವೇ ಟ್ರಾಫಿಕ್ ಮುನ್ಸೂಚನೆ ಕೊಡುತ್ತದೆ. ಹಸಿರು, ಕಿತ್ತಳೆ, ಕೆಂಪು, ಕಪ್ಪು. ಕಪ್ಪು ದಿನ ಕಾರಿನ ಕೀಲಿ ಮುಟ್ಟಬೇಡಿ. ನಮಗೆ ಇದು ಗೊತ್ತಾಗಿದ್ದು ಮೂರನೇ ಗಂಟೆಯಲ್ಲಿ, ಕಾರು ನಿಂತಲ್ಲೇ ನಿಂತಿದ್ದಾಗ. ಕ್ರುಆಸ್ ಅಣುಸ್ಥಾವರದ ಒಂದು ಕೂಲಿಂಗ್ ಟವರ್ ಮೇಲೆ ಆಟವಾಡುವ ಮಗುವಿನ ದೊಡ್ಡ ಚಿತ್ರ ಬರೆದಿದ್ದಾರೆ. ಅದೊಂದೇ ಅವತ್ತಿನ ಲಾಭ.

ಮಕ್ಕಳು ಬಿಸಿಲಿನಲ್ಲಿ ಸತ್ತುಹೋಗುತ್ತಾರೆ ಅಂತ ನಾವು ರೋಮನ್ನರ ಜಾಗಗಳನ್ನು ಅರ್ಧಕ್ಕರ್ಧ ಕಡಿಮೆ ಮಾಡಿದೆವು. ಒರಾಂಜ್‌ನ ಹಳೇ ರಂಗಮಂದಿರದಲ್ಲಿ ಚಿಕ್ಕವನು ಕಲ್ಲು ಮೆಟ್ಟಿಲ ಮೇಲೆ ನಿದ್ದೆ ಹೋದ. ಆದರೆ ಅವಿನ್ಯೋನ್‌ನ ಮುರಿದ ಸೇತುವೆ ಅವನನ್ನು ಹಿಡಿದು ನಿಲ್ಲಿಸಿತು. 22 ಕಮಾನುಗಳಲ್ಲಿ ಈಗ ಉಳಿದಿರುವುದು ನಾಲ್ಕೇ. ಯಾರು ಮುರಿದರು ಅಂದ. ನದಿ, ಪ್ರವಾಹದಲ್ಲಿ, ಕಟ್ಟಿದ ಹಾಗೆಲ್ಲ ಮತ್ತೆ ಮತ್ತೆ ಅಂದೆ. "ನಮ್ಮ ನದೀನಾ?" ಅಂದ. ಅವನಿಗೆ ನಿಜಕ್ಕೂ ಬೇಜಾರಾಗಿತ್ತು. ಎರಡು ವಾರದಿಂದ ಜೊತೆಗಿದ್ದ ಗೆಳೆಯ ಕಳ್ಳ ಅಂತ ಗೊತ್ತಾದ ಹಾಗೆ.

ಆರ್ಲ್‌ನ ಮ್ಯೂಸಿಯಂನಲ್ಲಿ ರೋಮನ್ ಕಾಲದ 31 ಮೀಟರ್ ಉದ್ದದ ದೋಣಿ ಇದೆ. ಕಲ್ಲು ಹೇರಿಕೊಂಡು ಇದೇ ನದಿಯಲ್ಲಿ ಮುಳುಗಿದ್ದನ್ನು 2011ರಲ್ಲಿ ಮೇಲೆತ್ತಿದ್ದು. ಇಬ್ಬರೂ ಅದನ್ನು ಸುತ್ತಿ ಸುತ್ತಿ ನೋಡಿದರು. ನದಿಯ ತಳದಲ್ಲಿ ಏನಿರುತ್ತೆ ಅಂತ ವಾರದಿಂದ ಕೇಳುತ್ತಿದ್ದರಲ್ಲ, ಉತ್ತರ ಸಿಕ್ಕಿತು. ದಿನಕ್ಕೆ ಒಂದೇ ಮ್ಯೂಸಿಯಂ, ಅದೂ ಬೆಳಗ್ಗೆ. ಮಕ್ಕಳು ಕೇಳಿದ ಪ್ರಶ್ನೆ ಒಂದಾದರೂ ಇದ್ದರೆ ಮಾತ್ರ ಒಳಗೆ ಹೋಗುವುದು. ನಾವು ಪಾಲಿಸಿದ ನಿಯಮ ಇದೊಂದೇ. ಅಲ್ಲಿ ಎಷ್ಟೋ ಮ್ಯೂಸಿಯಂಗೆ ಮಂಗಳವಾರ ರಜೆ, ನೋಡಿಕೊಂಡು ಹೋಗಿ.

ನಾಲ್ಕನೇ ಬಾಟಲಿ ಪೋರ್ ಸೇಂಟ್ ಲೂಯಿ ಹತ್ತಿರದ ಕಡಲತೀರದಲ್ಲಿ ತುಂಬಿದ್ದು. ಚಿಕ್ಕವನು ಬೆರಳು ಅದ್ದಿ ನೆಕ್ಕಿ, "ಕೆಟ್ಟುಹೋಗಿದೆ" ಅಂದ. ವಾಪಸ್ ಬರುವಾಗ ನಾಲ್ಕನ್ನೂ ದೊಡ್ಡ ಸೂಟ್‌ಕೇಸಿನಲ್ಲಿ ಹಾಕಿದೆವು. ಮೊದಲನೆಯದು ಸೋರಿ ನನ್ನ ಎರಡು ಅಂಗಿಯ ಮೇಲೆ ಆಲ್ಪ್ಸ್‌ನ ಹಿಟ್ಟು ಮೆತ್ತಿಕೊಂಡಿತು.

ಕಾರಿನ ಬಗ್ಗೆ ಒಂದು ಕಿವಿಮಾತು. ಒಂದು ದೇಶದಲ್ಲಿ ತೆಗೆದುಕೊಂಡ ಕಾರನ್ನು ಇನ್ನೊಂದು ದೇಶದಲ್ಲಿ ಬಿಟ್ಟರೆ ದೊಡ್ಡ ಮೊತ್ತ ಕೀಳುತ್ತಾರೆ. ಜಿನೀವಾ ವಿಮಾನ ನಿಲ್ದಾಣಕ್ಕೆ ಸ್ವಿಸ್ ಭಾಗ, ಫ್ರೆಂಚ್ ಭಾಗ ಅಂತ ಎರಡಿದೆ. ನಾವು ಸ್ವಿಸ್ ಕಡೆಯ ಕಾರಿನಲ್ಲಿ ಫುರ್ಕಾಗೆ ಹೋಗಿಬಂದು ಅಲ್ಲೇ ವಾಪಸ್ ಕೊಟ್ಟೆವು. ಆಮೇಲೆ ಫ್ರೆಂಚ್ ಕಡೆಯಿಂದ ಇನ್ನೊಂದು ಕಾರು ತೆಗೆದುಕೊಂಡು ಮಾರ್ಸೇಯಲ್ಲಿ ಬಿಟ್ಟೆವು. ಸ್ವಿಸ್ ಹೈವೇಗೆ ಬೇಕಾದ ವರ್ಷದ ಸ್ಟಿಕ್ಕರ್ 40 ಫ್ರಾಂಕ್. ಅಲ್ಲಿನ ಬಾಡಿಗೆ ಕಾರಿಗೆ ಅದು ಮೊದಲೇ ಇರುತ್ತದೆ.

ಫೈಲು ಹಿಡಿದವಳು

ನಾಲ್ಕು ಬಾಟಲಿ ಅವರೇ, ಓದಲು ತುಂಬಾ ಚೆನ್ನಾಗಿದೆ. ಆದರೆ ನನ್ನ ಮಕ್ಕಳಾಗಿದ್ದರೆ ಐದನೇ ದಿನ "ಮತ್ತೆ ಅದೇ ನದೀನಾ" ಅಂದಿರುತ್ತಿದ್ದರು. ಎಲ್ಲ ಮಕ್ಕಳಿಗೂ ನೀರು ಹಿಡಿಸುವುದಿಲ್ಲ. ಐದು ವರ್ಷದವನಿಗೆ ಎಲ್ಲಕ್ಕಿಂತ ಮೊದಲು ಬೇಕಾಗಿರುವುದು ನಿನ್ನೆ ಮಲಗಿದ ಹಾಸಿಗೆ. ನಾವು ದಿನಕ್ಕೊಂದು ಹೋಟೆಲ್ ಬದಲಾಯಿಸಿದ್ದೆವು. ಒಂಬತ್ತನೇ ದಿನದಿಂದ ನನ್ನ ಚಿಕ್ಕವಳು ಸಂಜೆಯಾದರೆ "ಇವತ್ತು ನಮ್ಮ ಮನೆ ಯಾವುದು?" ಅಂತ ಅಳುತ್ತಿದ್ದಳು. ಹಿಂದಿನ ಸೀಟು ಅವರೇ, ನದಿಯೋ ಕೋಟೆಯೋ ರೈಲೋ, ನಿಮ್ಮ ಮಕ್ಕಳಿಗೆ ಏನು ಹುಚ್ಚು ಅಂತ ನೀವೇ ನೋಡಿ. ಏನೇ ಮಾಡಿ, ಒಂದೊಂದು ಕಡೆ ಮೂರು ರಾತ್ರಿಗಿಂತ ಕಡಿಮೆ ಬೇಡ.

ಈಗ ಯಾರೂ ಹೇಳದೇ ಇದ್ದದ್ದು. ನೀವು ಇಬ್ಬರ ಮಧ್ಯೆ ಕೂರುತ್ತೇನೆ ಅಂದಿರಿ. ಆಗುವುದಿಲ್ಲ. ಸ್ವಿಟ್ಜರ್‌ಲೆಂಡ್‌ನಲ್ಲಿ 12 ವರ್ಷ ತುಂಬುವ ತನಕ ಅಥವಾ 150 ಸೆಂಟಿಮೀಟರ್ ಎತ್ತರ ಆಗುವ ತನಕ ಚೈಲ್ಡ್ ಸೀಟ್ ಕಡ್ಡಾಯ. ಫ್ರಾನ್ಸ್‌ನಲ್ಲಿ 10 ವರ್ಷದವರೆಗೆ. ಹಿಂದೆ ಎರಡು ಚೈಲ್ಡ್ ಸೀಟ್ ಕೂರಿಸಿದ ಮೇಲೆ ಸಾಧಾರಣ ಕಾರಿನಲ್ಲಿ ಮಧ್ಯೆ ಕೈಚೀಲ ಇಡುವಷ್ಟು ಜಾಗ ಉಳಿಯುತ್ತದೆ. ನೀವು ಮುಂದೆ ಕೂತು ಕತ್ತು ತಿರುಗಿಸಿ ಜಗಳ ಬಿಡಿಸಬೇಕು. ಸೀಟನ್ನು ದಿನಕ್ಕಿಷ್ಟು ಅಂತ ಬಾಡಿಗೆಗೂ ಕೊಡುತ್ತಾರೆ, ಒಂದು ತಿಂಗಳಿಗೆ ಅದು ದುಬಾರಿ. ನಮ್ಮದನ್ನೇ ಹೊತ್ತುಕೊಂಡು ಹೋಗಿದ್ದೆವು.

ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾ ಒಂದೇ ಸಾಕು. ಸ್ವಿಟ್ಜರ್‌ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲ, ಆದರೆ ಷೆಂಗೆನ್‌ನಲ್ಲಿ ಇದೆ. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಿ. ಹೊರಡುವ ಆರು ತಿಂಗಳು ಮೊದಲಿಂದ ಹಾಕಬಹುದು. 15 ದಿನ ಕಡೇ ಗಡುವು, ಅಲ್ಲಿಯವರೆಗೆ ಕಾಯುವ ಸಾಹಸ ಬೇಡ. 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, ಮಗಳ ವಯಸ್ಸಿನವರಿಗೆ 45, ಮಗನಿಗೆ 6 ತುಂಬಿರದಿದ್ದರೆ ಏನೂ ಇಲ್ಲ. 12ರೊಳಗಿನ ಮಕ್ಕಳ ಬೆರಳಚ್ಚು ಕೇಳುವುದಿಲ್ಲ. ಆರೋಗ್ಯ ವಿಮೆ ಕನಿಷ್ಠ 30,000 ಯೂರೋದ್ದು ಇರಬೇಕು. ಅಂತರರಾಷ್ಟ್ರೀಯ ಲೈಸೆನ್ಸ್ ಜೊತೆಗೆ ಮೂಲ ಲೈಸೆನ್ಸೂ ಜೇಬಿನಲ್ಲಿರಲಿ, ಒಂದರಿಂದ ಕೆಲಸ ಆಗುವುದಿಲ್ಲ. ಕಾರಿನ ಡೆಪಾಸಿಟ್‌ಗೆ ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ನಮ್ಮ ಮನೆಯಲ್ಲಿ ಕಾರ್ಡ್ ನನ್ನದು, ಲೈಸೆನ್ಸ್ ಅವರದು. ಕೌಂಟರ್ ಮುಂದೆ ಒಂದೂವರೆ ಗಂಟೆ ನಿಂತಿದ್ದೆವು.

ಆಟೋಮ್ಯಾಟಿಕ್ ಕಾರು ಬೇಕಿದ್ದರೆ ಬುಕ್ ಮಾಡುವಾಗಲೇ ಆರಿಸಿ. ಇಲ್ಲದಿದ್ದರೆ ಗೇರಿನ ಕಾರು ಕೈಗೆ ಬರುವ ಸಂಭವ ಜಾಸ್ತಿ. ತುರ್ತು ನಂಬರ್ 112, ಎರಡೂ ದೇಶದಲ್ಲಿ ನಡೆಯುತ್ತದೆ. ಫ್ರೆಂಚ್ ಸಿಮ್ ಸ್ವಿಟ್ಜರ್‌ಲೆಂಡ್‌ನಲ್ಲಿ ನಡೆಯುತ್ತದಾ ಅಂತ ಕೇಳಿಯೇ ಕೊಳ್ಳಿ.

ಹಿಂದಿನ ಸೀಟು

ಇವರಿಗೆ ಎಲ್ಲವನ್ನೂ ಓದಿ ಹೇಳಿದೆ. ಪಾರ್ಕಿಂಗ್ ಟ್ರಿಪ್ ಅನ್ನುವಾಗ ನಕ್ಕರು. ಕಾರ್ಡ್ ಮತ್ತು ಲೈಸೆನ್ಸ್ ವಿಷಯ ಬಂದಾಗ ನಗು ನಿಂತಿತು, ನಮ್ಮಲ್ಲೂ ಅದೇ ಕಥೆ. ಹಾಳೆಯನ್ನು ಅಳಿಸಲು ಅವರಿಗೆ ಮನಸ್ಸಿಲ್ಲ. "ಹಳೇದು" ಅಂತ ಹೆಸರು ಬದಲಾಯಿಸಿ ಇಟ್ಟುಕೊಂಡಿದ್ದಾರೆ.

ಮಕ್ಕಳ ಮುಂದೆ ಮ್ಯಾಪ್ ಹರಡಿದೆವು. ಮಗಳಿಗೆ ನದಿ ಇಷ್ಟವಾಯಿತು. ಮಗನಿಗೆ ನದಿಯ ಗೊಡವೆಯೇ ಇಲ್ಲ, ಕೊನೆಯಲ್ಲಿ ಫ್ಲೆಮಿಂಗೊ ಇದೆ ಅಂದ ಕೂಡಲೇ ಅವನೂ ಒಪ್ಪಿದ. ಜೂನ್ ಎರಡನೇ ವಾರ ಹೊರಟು ಶಾಲೆಗಳ ರಜೆ ಶುರುವಾಗುವ ಮೊದಲೇ ಎ7 ದಾಟುವುದು ಅಂತ ಆಗಿದೆ. ಐದು ಕಡೆ ಮಾತ್ರ ತಂಗುವುದು. ಇನ್ನು ನನ್ನ ಹೆಸರು ಬದಲಾಯಿಸಬೇಕು, ಆ ಮಾತು ಬೇರೆ.

ಎರಡು ಪ್ರಶ್ನೆ ಉಳಿದಿವೆ. ಫುರ್ಕಾ ತಿರುವುಗಳಲ್ಲಿ ಮಗನ ವಾಂತಿಗೆ ಏನು ಮಾಡಲಿ? ಫ್ಲೆಮಿಂಗೊ ನೋಡಲು ಎಲ್ಲಿಗೆ, ಎಷ್ಟು ಹೊತ್ತಿಗೆ ಹೋಗಬೇಕು?

ನಾಲ್ಕು ಬಾಟಲಿ

ಫೈಲು ಹಿಡಿದವರು ಹೇಳಿದ್ದು ಸರಿ, ನಾವು ಕೂಡ ಅಲ್ಲಲ್ಲಿ ನದಿಗೆ ರಜೆ ಕೊಟ್ಟಿದ್ದೆವು. ಪೋನ್ ದ್ಯು ಗಾರ್ ಹತ್ತಿರ ಎರಡು ದಿನ ಬರೀ ಈಜು, ಅದೂ ರೋನ್‌ನಲ್ಲಲ್ಲ, ಗಾರ್ದೋನ್ ಎಂಬ ಉಪನದಿಯಲ್ಲಿ. ತಲೆ ಮೇಲೆ 49 ಮೀಟರ್ ಎತ್ತರದ ರೋಮನ್ ಕಾಲುವೆ ಸೇತುವೆ. 50 ಕಿಲೋಮೀಟರ್ ದೂರಕ್ಕೆ ಒಟ್ಟು 12 ಮೀಟರ್ ಚಿಲ್ಲರೆ ಇಳಿಜಾರು ಕೊಟ್ಟು ನೀರು ಹರಿಸಿದ್ದಾರೆ. ಮರಳಿನಲ್ಲಿ ಅಷ್ಟು ಸಣ್ಣ ಇಳಿಜಾರಿನ ಕಾಲುವೆ ಮಾಡಲು ನಾವು ನಾಲ್ಕೂ ಜನ ಒಂದು ಮಧ್ಯಾಹ್ನ ಹೆಣಗಿದೆವು. ನೀರು ಒಂದು ಮಾರು ಕೂಡ ಹೋಗಲಿಲ್ಲ.

ವಾಂತಿಗೆ: ಮೊಬೈಲ್, ಪುಸ್ತಕ ಎರಡೂ ಬೇಡ. ಮುಂದಿನ ಗಾಜಿನಿಂದ ರಸ್ತೆ ಕಾಣುವ ಹಾಗೆ ಅವನ ಸೀಟನ್ನು ಎತ್ತರದಲ್ಲಿ ಕೂರಿಸಿ. ಹೊಟ್ಟೆ ಖಾಲಿಯೂ ಬೇಡ, ಬಿರಿಯುವಷ್ಟೂ ಬೇಡ. ಔಷಧಿ ಕೊಡುವುದಾದರೆ ಮೊದಲೇ ಡಾಕ್ಟರನ್ನು ಕೇಳಿ. ತಂಗುವುದಕ್ಕೆ ಕೆಳಗಿನ ಓಬರ್‌ವಾಲ್ಡ್ ಕಡೆ ಮನೆ ಹಿಡಿದರೆ ಹತ್ತುವ ದಾರಿ ಚಿಕ್ಕದಾಗುತ್ತದೆ, ಬೆಳಗ್ಗೆ ಬೇಗ ಹೊರಡಬಹುದು. ತಿರುವಿನಲ್ಲಿ ಮೂರು ಸ್ವರದ ಹಾರ್ನ್ ಕೇಳಿದರೆ ಹಳದಿ ಅಂಚೆ ಬಸ್ಸು ಬರುತ್ತಿದೆ ಅಂತ ಅರ್ಥ. ಆ ರಸ್ತೆಗಳಲ್ಲಿ ದಾರಿ ಅದಕ್ಕೇ ಬಿಡಬೇಕು, ಡ್ರೈವರ್ ಕೈ ತೋರಿಸಿದ ಕಡೆ ನಿಲ್ಲಿಸಿ. ನನ್ನ ಮಗ ಆ ಹಾರ್ನ್‌ಗೆ ಕಿವಿಕೊಟ್ಟು ಕೂತೇ ವಾಂತಿ ಮರೆತ. ನಿಮ್ಮವನಿಗೂ ಈ ಕೆಲಸ ಕೊಟ್ಟು ನೋಡಿ.

ಫ್ಲೆಮಿಂಗೊಗೆ, ರೋನ್ ಕಡಲು ಸೇರುವ ಕಡೆಯ ಜೌಗು ಪ್ರದೇಶವಾದ ಕಮಾರ್ಗ್‌ನ ಪೋನ್ ದ ಗೋ ಪಕ್ಷಿ ಉದ್ಯಾನ. ನೀರಿನ ಸುತ್ತ ನಡೆಯುವ ದಾರಿ ಇದೆ, ಹಕ್ಕಿಗಳು ತೀರಾ ಹತ್ತಿರ ಕಾಣುತ್ತವೆ. ಅದಕ್ಕೂ ಮೊದಲು ಏಗ್ ಮೋರ್ತ್ ಹತ್ತಿರದ ಉಪ್ಪಿನ ಗದ್ದೆ ತೋರಿಸಿ. ಬೇಸಿಗೆಯಲ್ಲಿ ಆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಉಪ್ಪಿನಲ್ಲಿ ಬೆಳೆಯುವ ಒಂದು ಪಾಚಿಯಿಂದ. ಆ ಪಾಚಿಯನ್ನು ಪುಟ್ಟ ಸೀಗಡಿ ತಿನ್ನುತ್ತದೆ, ಸೀಗಡಿಯನ್ನು ಫ್ಲೆಮಿಂಗೊ ತಿನ್ನುತ್ತದೆ. ಹಕ್ಕಿ ಯಾಕೆ ಗುಲಾಬಿ ಅಂತ ಮಗ ತಾನಾಗಿ ಹೇಳುತ್ತಾನಾ ನೋಡಿ, ನೀವು ಮೊದಲೇ ಬಾಯಿ ಬಿಡಬೇಡಿ.

ಹೊತ್ತು ಬೆಳಗ್ಗೆಯೇ ಆಗಲಿ. ಬೆಳಕು ಚೆಂದ ಇರುತ್ತದೆ ಅಂತ ನಾವು ಸಂಜೆ ಹೋದೆವು. ಬೆಳಕು ಚೆಂದವೇ ಇತ್ತು, ಆದರೆ ಕಮಾರ್ಗ್‌ನ ಸೊಳ್ಳೆಗಳೂ ಅದೇ ಹೊತ್ತಿಗೆ ಊಟಕ್ಕೆ ಬರುತ್ತವೆ. ಮಗಳ ಒಂದು ಕಾಲಿನ ಮೇಲೆ 31 ಗುಳ್ಳೆ ಎಣಿಸಿದೆವು. ದೋಣಿಯ ಉದ್ದದಷ್ಟೇ ಅಂತ ಅವಳಿಗೆ ಒಂಥರಾ ಹೆಮ್ಮೆ. ಸೊಳ್ಳೆ ಮುಲಾಮು ನಮ್ಮ ಹತ್ತಿರವೂ ಇತ್ತು, ಡಿಕ್ಕಿಯಲ್ಲಿ, ಸೂಟ್‌ಕೇಸಿನ ತಳದಲ್ಲಿ. ನೀವು ಹೇಗೂ ಮುಂದಿನ ಸೀಟಿಗೆ ಬಂದಿದ್ದೀರಲ್ಲ, ನಿಮ್ಮ ಕೈಚೀಲದಲ್ಲೇ ಇಟ್ಟುಕೊಳ್ಳಿ.